ಹಳೆಯ ಆಟ, ಅಭಿಮಾನಿಗಳ ಸರ್ವರ್: ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಕಂಪ್ಯೂಟರ್ ಆಟ ಎಂದ ಕೂಡಲೇ "ಓದುವುದು ಬಿಟ್ಟು ಇದೇನು?" ಎಂದು ಗದರುವುದು ಪೋಷಕರ ವಾಡಿಕೆ, ಶಿಕ್ಷಕರ ವಾಡಿಕೆಯೂ ಹೌದು. ಆದರೆ ಸಾವಿರಾರು ಜನ ಇಂಟರ್‌ನೆಟ್ ಮೂಲಕ ಒಂದೇ ಲೋಕದಲ್ಲಿ ಸೇರಿ, ತಲೆಗೊಂದು ಪಾತ್ರ ವಹಿಸಿ ಆಡುವ ಆಟಗಳಲ್ಲಿ ಓದುವುದು, ಬರೆಯುವುದು, ಅಪರಿಚಿತರೊಡನೆ ಮಾತನಾಡುವುದು ಬಹಳ ಇದೆ. ಭಾಷಾ ಶಿಕ್ಷಕರಾದ ನಮ್ಮ ಕಿವಿ ಅತ್ತ ತಿರುಗಲು ಅದೇ ಕಾರಣ. ಹಿರಿಯ ತರಗತಿಗಳ ಮಕ್ಕಳ ಬಾಯಲ್ಲಿ ಈಗ "ಪ್ರೈವೇಟ್ ಸರ್ವರ್" ಎಂಬ ಮಾತು ಕೇಳಿಬರುತ್ತಿದೆ. ಅದು ಏನು, ಸೇರಬಹುದೇ, ಸೇರುವುದಾದರೆ ಯಾವುದನ್ನು ಆರಿಸಬೇಕು ಎಂಬುದನ್ನು ಮಕ್ಕಳಿಗೂ ಪೋಷಕರಿಗೂ ತಿಳಿಯುವಂತೆ ಇಲ್ಲಿ ಹೇಳಲು ಪ್ರಯತ್ನಿಸಿದ್ದೇವೆ.

ಸರ್ವರ್ ಎಂದರೇನು?

ಆಟದ ಚಿತ್ರ, ಸಂಗೀತ, ನಕ್ಷೆ ಎಲ್ಲವೂ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತವೆ. ಆದರೆ ನಿಮ್ಮ ಪಾತ್ರ ಯಾವ ಮಟ್ಟ ತಲುಪಿದೆ, ಅದರ ಚೀಲದಲ್ಲಿ ಏನೇನಿದೆ, ರಾಕ್ಷಸನಿಗೆ ಎಷ್ಟು ಪೆಟ್ಟು ಬಿತ್ತು ಎಂಬ ಲೆಕ್ಕವೆಲ್ಲ ದೂರದ ಇನ್ನೊಂದು ಕಂಪ್ಯೂಟರಿನಲ್ಲಿರುತ್ತದೆ. ಅದೇ ಸರ್ವರ್. ಅದು ನಿಂತರೆ ಆಟವೂ ನಿಂತಂತೆ. ನಿಮ್ಮ ಬಳಿ ಆಟದ ಸಿ.ಡಿ. ಇದ್ದರೂ ಪ್ರಯೋಜನವಿಲ್ಲ.

ಕಂಪನಿಗಳು ಇಂಥ ಆಟಗಳನ್ನು ಕಾಲಕಾಲಕ್ಕೆ ಬದಲಿಸುತ್ತವೆ, ಲಾಭವಿಲ್ಲ ಎನಿಸಿದರೆ ಮುಚ್ಚುತ್ತವೆ. 1999ರಲ್ಲಿ ಬಂದ 'ಎವರ್‌ಕ್ವೆಸ್ಟ್' ಇಂದಿಗೂ ನಡೆಯುತ್ತಿದೆ. ಆದರೆ ಅದಕ್ಕೆ ವರ್ಷವರ್ಷವೂ ಹೊಸ ಭಾಗಗಳು ಸೇರಿ ಮೊದಲಿನ ರೂಪ ಉಳಿದಿಲ್ಲ. 2004ರಲ್ಲಿ ಬಂದ 'ಸಿಟಿ ಆಫ್ ಹೀರೋಸ್' 2012ರ ನವೆಂಬರ್ 30ರಂದು ಬಾಗಿಲು ಹಾಕಿತು. ಆ ಹಳೆಯ ಲೋಕವೇ ಬೇಕು ಎನ್ನುವ ಅಭಿಮಾನಿಗಳು ತಾವೇ ನಡೆಸುವುದು ಪ್ರೈವೇಟ್ ಸರ್ವರ್. ಅನೇಕ ಕಡೆ ಅವರು ಆಟಕ್ಕೂ ಸರ್ವರ್‌ಗೂ ನಡುವೆ ಹರಿಯುವ ಸಂದೇಶಗಳನ್ನು ಗಮನಿಸಿ, ಸರ್ವರ್ ಮಾಡುವ ಕೆಲಸವನ್ನೇ ಮಾಡುವ ತಂತ್ರಾಂಶವನ್ನು ಹೊಸದಾಗಿ ಬರೆದಿದ್ದಾರೆ. ಬಹುತೇಕರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು.

ಮೂರು ಸರ್ವರ್‌ಗಳ ಕತೆ

'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದ 2004-06ರ ರೂಪವನ್ನು ಮತ್ತೆ ಆಡಿಸಲು 2015ರಲ್ಲಿ 'ನಾಸ್ಟಾಲ್ರಿಯಸ್' ಎಂಬ ಸರ್ವರ್ ತೆರೆಯಿತು. ಶುಲ್ಕವಿರಲಿಲ್ಲ. ಒಂದೇ ವರ್ಷದಲ್ಲಿ ಎಂಟು ಲಕ್ಷ ಖಾತೆಗಳು ನೋಂದಣಿಯಾದವು ಎಂದು ಅದನ್ನು ನಡೆಸುತ್ತಿದ್ದವರು ತಿಳಿಸಿದ್ದರು. ಆದರೆ ಆಟದ ಒಡೆತನ ಹೊಂದಿದ ಬ್ಲಿಝಾರ್ಡ್ ಕಂಪನಿ ವಕೀಲರ ಮೂಲಕ ಪತ್ರ ಕಳುಹಿಸಿತು. 2016ರ ಏಪ್ರಿಲ್ 10ರಂದು ಸರ್ವರ್ ಮುಚ್ಚಿತು. ಅಲ್ಲಿ ಬೆಳೆಸಿದ ಪಾತ್ರಗಳನ್ನು ಆಡಲು ಅಂದಿಗೆ ಬೇರೆ ಸ್ಥಳವಿರಲಿಲ್ಲ. ಹಳೆಯ ರೂಪಕ್ಕೆ ಇಷ್ಟು ಬೇಡಿಕೆ ಇದೆ ಎಂದು ಕಂಡ ಮೇಲೆ 2019ರ ಆಗಸ್ಟ್‌ನಲ್ಲಿ ಕಂಪನಿ ತಾನೇ 'ಕ್ಲಾಸಿಕ್' ಆವೃತ್ತಿಯನ್ನು ಹೊರತಂದಿತು.

ಎರಡನೆಯದು 2009ರಲ್ಲಿ ಆರಂಭವಾದ 'ಪ್ರಾಜೆಕ್ಟ್ 1999'. ಎವರ್‌ಕ್ವೆಸ್ಟ್ ಆಟದ ಮೊದಲ ವರ್ಷಗಳ ರೂಪ ಇಲ್ಲಿದೆ. 2015ರಲ್ಲಿ ಆಟದ ಒಡೆಯರಾದ ಡೇಬ್ರೇಕ್ ಕಂಪನಿಯವರು ಈ ತಂಡದೊಡನೆ ಒಪ್ಪಂದ ಮಾಡಿಕೊಂಡು ನಡೆಸಲು ಸಮ್ಮತಿಸಿದರು. ಅದೇ ಕಂಪನಿ 2025ರಲ್ಲಿ ಎವರ್‌ಕ್ವೆಸ್ಟಿನ ಇನ್ನೊಂದು ಅಭಿಮಾನಿ ಸರ್ವರ್ ಮೇಲೆ ದಾವೆ ಹೂಡಿತು. ದೇಣಿಗೆಯ ಹೆಸರಿನಲ್ಲಿ ಅಲ್ಲಿ ಹಣ ಮಾಡಲಾಗುತ್ತಿದೆ ಎಂಬುದು ಅದರ ದೂರುಗಳಲ್ಲೊಂದು.

ಮೂರನೆಯದು ಮುಚ್ಚಿಹೋಗಿದ್ದ ಸಿಟಿ ಆಫ್ ಹೀರೋಸ್. 2019ರಲ್ಲಿ ಅಭಿಮಾನಿಗಳು 'ಹೋಮ್‌ಕಮಿಂಗ್' ಎಂಬ ಸರ್ವರ್ ತೆರೆದರು. 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಕಂಪನಿ ಅವರಿಗೆ ಅಧಿಕೃತ ಪರವಾನಗಿ ಕೊಟ್ಟಿತು. ಹನ್ನೊಂದು ವರ್ಷ ಬೀಗ ಬಿದ್ದಿದ್ದ ಆಟಕ್ಕೆ ಹೀಗೆ ಕಾನೂನಿನ ನೆಲೆ ಸಿಕ್ಕಿತು.

ಮೂರೂ ಕಡೆ ಅಭಿಮಾನಕ್ಕೆ ಕೊರತೆ ಇರಲಿಲ್ಲ. ಆದರೂ ಒಂದು ಮುಚ್ಚಿತು, ಎರಡು ಉಳಿದವು. ಮಗುವೊಂದು ಆರು ತಿಂಗಳು ರಜೆಯ ಹೊತ್ತನ್ನೆಲ್ಲ ಹಾಕಿ ಬೆಳೆಸಿದ ಪಾತ್ರ, ಕಟ್ಟಿಕೊಂಡ ಗೆಳೆತನ ಯಾರ ಕೈಯಲ್ಲಿದೆ ಎಂಬುದನ್ನು ತಿಳಿಯದೆ ಸೇರಬಾರದು ಎನ್ನುವುದು ಇದಕ್ಕಾಗಿಯೇ. ಜಾಹೀರಾತಿನಲ್ಲಿ ಎಲ್ಲ ಸರ್ವರ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಹಾಗಾಗಿ ಕೆಳಗಿನ ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ಒಡೆಯರ ಅನುಮತಿ ಇದೆಯೇ?

ಆಟದ ಕತೆ, ಚಿತ್ರ, ಹೆಸರು ಎಲ್ಲವೂ ಅದನ್ನು ಮಾಡಿದವರ ಸ್ವತ್ತು. ಅನುಮತಿ ಇಲ್ಲದ ಸರ್ವರ್ ಯಾವ ದಿನ ಬೇಕಾದರೂ ನಿಲ್ಲಬಹುದು. ಅನುಮತಿ ಇರುವ ಸರ್ವರ್ ಅಥವಾ ಕಂಪನಿಯೇ ನಡೆಸುವ ಹಳೆಯ ಆವೃತ್ತಿ ಸಿಗುವುದಾದರೆ ಅದನ್ನೇ ಆರಿಸಿ. 2013ರಿಂದ ನಡೆಯುತ್ತಿರುವ 'ಓಲ್ಡ್ ಸ್ಕೂಲ್ ರೂನ್‌ಸ್ಕೇಪ್' ಅಂಥ ಅಧಿಕೃತ ಆವೃತ್ತಿಗಳಲ್ಲೊಂದು. ಶಿಕ್ಷಕರಾಗಿ ನಾವು ಒತ್ತಿ ಹೇಳುವುದು ಇದನ್ನೇ. ಬೇರೊಬ್ಬರ ಪ್ರಬಂಧವನ್ನು ನಕಲು ಮಾಡಬೇಡಿ ಎಂದು ತರಗತಿಯಲ್ಲಿ ಹೇಳಿ, ಇಲ್ಲಿ ಸುಮ್ಮನಿರುವುದು ಸರಿಯಲ್ಲ.

2. ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ?

ಸರ್ವರ್ ಬಾಡಿಗೆಗೆ ಹಣ ಬೇಕೇ ಬೇಕು, ದೇಣಿಗೆ ಕೇಳುವುದು ತಪ್ಪಲ್ಲ. ಆದರೆ ಹಣ ಕೊಟ್ಟವರಿಗೆ ಬಲವಾದ ಕತ್ತಿ, ಕೊಡದವರಿಗೆ ಮುರುಕು ಕತ್ತಿ ಎಂದಾದರೆ ಅದು ದೇಣಿಗೆಯಲ್ಲ, ಅಂಗಡಿ. ಇಂಥ ಅಂಗಡಿ ನಡೆಸಿದ ಒಂದು ವಾರ್‌ಕ್ರಾಫ್ಟ್ ಸರ್ವರ್ ವಿರುದ್ಧ 2010ರಲ್ಲಿ ಅಮೆರಿಕದ ನ್ಯಾಯಾಲಯ ಸುಮಾರು 8.8 ಕೋಟಿ ಡಾಲರ್ ಪರಿಹಾರಕ್ಕೆ ಆದೇಶಿಸಿತು. ಇನ್ನೊಂದೆಡೆ ಹೋಮ್‌ಕಮಿಂಗ್ ತಂಡ ಖರ್ಚಿನ ಲೆಕ್ಕವನ್ನು ಆಟಗಾರರ ಮುಂದಿಡುತ್ತದೆ. ಪರದೇಶದಲ್ಲಿ ಕನ್ನಡ ಸಂಘ ನಡೆಸಿದವರಿಗೆ ಇದರ ಬೆಲೆ ಗೊತ್ತು. ರಾಜ್ಯೋತ್ಸವದ ಖರ್ಚನ್ನು ಸಭೆಯಲ್ಲಿ ಓದಿ ಹೇಳುವ ಸಂಘಕ್ಕೆ ಮರುವರ್ಷವೂ ಜನ ಬರುತ್ತಾರೆ.

3. ಆಟದ ವೇಗ ಎಷ್ಟು?

ಸರ್ವರ್‌ಗಳು ತಮ್ಮ 'ರೇಟ್' ಹೇಳಿಕೊಳ್ಳುತ್ತವೆ. ಒಂದು ಪಟ್ಟು ಎಂದರೆ ಮೂಲ ಆಟದಷ್ಟೇ ನಿಧಾನ. ಹತ್ತು ಪಟ್ಟು ಎಂದರೆ ಒಂದು ರಾಕ್ಷಸನನ್ನು ಕೊಂದರೆ ಹತ್ತರಷ್ಟು ಅನುಭವದ ಅಂಕ. ಎವರ್‌ಕ್ವೆಸ್ಟಿನಂಥ ಆಟ ಮೂಲ ವೇಗದಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದರ ಸೊಗಸೂ ಆ ನಿಧಾನದಲ್ಲೇ ಇದೆ. ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆ ಎದುರಿಗಿರುವವರಿಗೆ ಅದು ಹೊಂದದು. ಅತಿ ವೇಗದ ಸರ್ವರ್‌ನಲ್ಲಿ ವಾರದಲ್ಲಿ ತುದಿ ಮುಟ್ಟಬಹುದು, ಅಷ್ಟೇ ಬೇಗ ಬೇಸರವೂ ಬರಬಹುದು. ಆಡಲು ವಾರಕ್ಕೆ ಎಷ್ಟು ಗಂಟೆ ಇದೆ ಎಂದು ಮೊದಲು ನಿರ್ಧರಿಸಿ, ನಂತರ ವೇಗ ಆರಿಸಿ.

4. ಎಷ್ಟು ದೂರ, ಯಾವ ಹೊತ್ತು?

ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಸಾಗುತ್ತದೆ. ನಾವಿರುವ ಮಸ್ಕತ್‌ನಿಂದ ಜರ್ಮನಿಯ ಫ್ರಾಂಕ್‌ಫರ್ಟ್ ಐದು ಸಾವಿರ ಕಿ.ಮೀ.ಗೂ ದೂರ. ಸಂದೇಶ ಹೋಗಿಬರಲು ಕನಿಷ್ಠ 50 ಮಿಲಿಸೆಕೆಂಡ್ ಬೇಕು. ನ್ಯೂಯಾರ್ಕಿಗಾದರೆ 110ಕ್ಕೂ ಹೆಚ್ಚು. ತಂತಿ ನೇರವಾಗಿ ಹೋಗದ ಕಾರಣ ವಾಸ್ತವದಲ್ಲಿ ಇನ್ನೂ ಹೆಚ್ಚಾಗುತ್ತದೆ. ನಿಧಾನವಾದ ಹಳೆಯ ಆಟಗಳಲ್ಲಿ ಇದು ದೊಡ್ಡ ತೊಂದರೆಯಲ್ಲ. ಆಟಗಾರರು ತಮ್ಮತಮ್ಮಲ್ಲೇ ಕಾದಾಡುವ ಸರ್ವರ್‌ನಲ್ಲಿ ಮಾತ್ರ ಸೋಲು-ಗೆಲುವು ಇದರಿಂದಲೇ ತೀರ್ಮಾನವಾಗಬಹುದು.

ಅದಕ್ಕಿಂತ ದೊಡ್ಡದು ಗಡಿಯಾರದ ತೊಂದರೆ. ಗುಂಪಾಗಿ ಮಾಡುವ ದೊಡ್ಡ ದಾಳಿಗಳು ಅಲ್ಲಿನವರ ರಾತ್ರಿ ಎಂಟಕ್ಕೆ ಇರುವುದುಂಟು. ಬೇಸಿಗೆಯಲ್ಲಿ ನ್ಯೂಯಾರ್ಕಿನ ರಾತ್ರಿ ಎಂಟು ಎಂದರೆ ಇಲ್ಲಿ ಬೆಳಗಿನ ಜಾವ ನಾಲ್ಕು. ಅವರ ಭಾನುವಾರದ ರಜೆ ನಮಗೆ ಶಾಲೆಯ ದಿನ. ಆದ್ದರಿಂದ ಜಾಹೀರಾತಿನಲ್ಲಿ ಹೇಳಿದ ಜನಸಂಖ್ಯೆಯನ್ನು ನಂಬದೆ, ನೀವು ಆಡುವ ಹೊತ್ತಿಗೇ ಒಮ್ಮೆ ಒಳಹೊಕ್ಕು ನೋಡಿ. ಹೊಸಬರು ಆರಂಭಿಸುವ ಹಳ್ಳಿಯಲ್ಲಿ ಯಾರಾದರೂ ಇದ್ದಾರೆಯೇ? ಹಳೆಯ ಸರ್ವರ್‌ಗಳಲ್ಲಿ ಎಲ್ಲರೂ ಮೇಲಿನ ಮಟ್ಟದಲ್ಲಿದ್ದು, ಹೊಸಬರು ಒಬ್ಬಂಟಿಯಾಗಿ ಅಲೆಯುವುದುಂಟು.

5. ಸುರಕ್ಷಿತವೇ?

ನಿಮ್ಮ ಪಾಸ್‌ವರ್ಡ್ ಅಪರಿಚಿತರ ಕಂಪ್ಯೂಟರಿಗೆ ಹೋಗುತ್ತದೆ ಎಂಬುದು ನೆನಪಿರಲಿ. ಇ-ಮೇಲ್‌ಗೆ ಅಥವಾ ಶಾಲೆಯ ಖಾತೆಗೆ ಬಳಸುವ ಪಾಸ್‌ವರ್ಡನ್ನು ಇಲ್ಲಿ ಬಳಸಲೇಬೇಡಿ. "ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ" ಎಂದು ಹೇಳುವ ಸರ್ವರ್ ನಿಮಗೆ ಬೇಡ. ಅಪ್ಪನ ಕ್ರೆಡಿಟ್ ಕಾರ್ಡ್ ಸಂಖ್ಯೆ, ಮನೆಯ ವಿಳಾಸ, ಶಾಲೆಯ ಹೆಸರು, ಫೋಟೋ ಯಾರು ಕೇಳಿದರೂ ಕೊಡಬೇಡಿ.

6. ನಡೆಸುವವರು ಎಂಥವರು?

ನಿಯಮಗಳು ಬರಹದಲ್ಲಿವೆಯೇ? ಬೈಗುಳಕ್ಕೆ, ಮೋಸಕ್ಕೆ ಶಿಕ್ಷೆ ಉಂಟೇ? ಆ ಶಿಕ್ಷೆ ಮೇಲ್ವಿಚಾರಕರ ಗೆಳೆಯರಿಗೂ ಅನ್ವಯಿಸುತ್ತದೆಯೇ? ಸರ್ವರ್ ಎಷ್ಟು ವರ್ಷದಿಂದ ನಡೆಯುತ್ತಿದೆ, ಹಿಂದೆ ಎಲ್ಲರ ಪಾತ್ರಗಳನ್ನು ಅಳಿಸಿ ಹೊಸದಾಗಿ ಶುರುಮಾಡಿದ್ದುಂಟೇ? ಇವುಗಳಿಗೆ ಉತ್ತರ ತಿಳಿಯಲು ಒಂದು ವಾರ ಹೆಚ್ಚು ಮಾತನಾಡದೆ ಆಡಿ, ಅಲ್ಲಿನವರು ಹೊಸಬರೊಡನೆ ಹೇಗೆ ಮಾತನಾಡುತ್ತಾರೆ ಎಂಬುದನ್ನು ಗಮನಿಸಿ. ನಮ್ಮ ದೃಷ್ಟಿಯಲ್ಲಿ ಅನುಮತಿಯ ನಂತರದ ಮುಖ್ಯ ಪ್ರಶ್ನೆ ಇದೇ.

ಪೋಷಕರಲ್ಲಿ ಒಂದು ವಿನಂತಿ. ಇಲ್ಲಿ ಹೆಸರಿಸಿದ ಎವರ್‌ಕ್ವೆಸ್ಟ್, ವಾರ್‌ಕ್ರಾಫ್ಟ್, ಸಿಟಿ ಆಫ್ ಹೀರೋಸ್ ಮೂರೂ ಅಮೆರಿಕದ ಶ್ರೇಣಿಯಂತೆ 13 ವರ್ಷ ಮೇಲ್ಪಟ್ಟವರಿಗೆ. ಅದಕ್ಕಿಂತ ಚಿಕ್ಕವರಿಗೆ ಇವು ಬೇಡ. ದೊಡ್ಡವರು ಕೇಳಿದರೆ ಒಂದೇ ಮಾತಿಗೆ "ಬೇಡ" ಎನ್ನದೆ, ಈ ಆರು ಪ್ರಶ್ನೆಗಳಿಗೆ ಉತ್ತರ ಹುಡುಕಿ ಒಂದು ಹಾಳೆಯಲ್ಲಿ ಬರೆದು ತರಲು ಹೇಳಿ. ಮಕ್ಕಳೇ, ಆ ಹಾಳೆಯನ್ನು ಕನ್ನಡದಲ್ಲಿ ಬರೆದರೆ ತಿದ್ದಿಕೊಡಲು ನಾವು ಸಿದ್ಧರಿದ್ದೇವೆ.