ಹೆಸರಿಲ್ಲದ ಗಿರಾಕಿ

ಗಿರಾಕಿಯ ಮುಖ ನೋಡಿ ಬೆಲೆ ಹೇಳುವ ಪದ್ಧತಿ ಯಾವ ದೇಶದಲ್ಲಿಲ್ಲ? ಕಾರಿನಿಂದ ಇಳಿದವನಿಗೆ ಒಂದು ಬೆಲೆ, ಕಾಲ್ನಡಿಗೆಯಲ್ಲಿ ಬಂದವನಿಗೆ ಮತ್ತೊಂದು. ನೆಲದ ವ್ಯಾಪಾರದಲ್ಲಂತೂ ಕೊಳ್ಳುವವನು ಯಾರೆಂಬುದೇ ಅರ್ಧ ಬೆಲೆಯನ್ನು ಗೊತ್ತುಮಾಡಿಬಿಡುತ್ತದೆ. ಈ ಮರ್ಮವನ್ನು ಚೆನ್ನಾಗಿ ಅರಿತಿದ್ದವನು, ಮಿಕಿ ಮೌಸ್ ಎಂಬ ಇಲಿಯನ್ನು ಜಗತ್ತಿಗೆ ಕೊಟ್ಟ ವಾಲ್ಟ್ ಡಿಸ್ನಿ.

ಅವನು ಈ ಪಾಠ ಕಲಿತದ್ದು ಕೈಸುಟ್ಟುಕೊಂಡ ಮೇಲೆ. 1955ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ 160 ಎಕರೆ ತೋಟದ ನೆಲದಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಜನ ಮುಗಿಬಿದ್ದರು. ಆದರೆ ಬೇಲಿಯಾಚೆಯ ಒಂದಡಿ ನೆಲವೂ ಅವನದಾಗಿರಲಿಲ್ಲ. ನೋಡುನೋಡುತ್ತಿರುವಂತೆ ಅಲ್ಲಿ ಹೋಟೆಲುಗಳೂ ಕಣ್ಣು ಕುಕ್ಕುವ ದೀಪದ ಫಲಕಗಳೂ ಎದ್ದವು. ಜಾತ್ರೆಯನ್ನು ನೆರೆಯಿಸಿದವನು ಡಿಸ್ನಿ; ಅಂಗಡಿ ಹೂಡಿ ಹಣ ಎಣಿಸಿದವರು ಬೇರೆಯವರು.

ಎರಡನೆಯ ಉದ್ಯಾನಕ್ಕೆ ಅವನು ಫ್ಲಾರಿಡಾ ಸಂಸ್ಥಾನದ ಕಡೆ ಕಣ್ಣು ಹಾಯಿಸಿದನು. ಪಾಮ್ ಬೀಚ್ ಕಡೆಯ ಒಂದು ಮಾತುಕತೆ ಮೊದಲೇ ಮುರಿದುಬಿದ್ದಿತ್ತು. 1963ರ ನವೆಂಬರ್ 22ರಂದು ವಿಮಾನದಲ್ಲಿ ಕುಳಿತು ಆರ್ಲ್ಯಾಂಡೋ ನಗರದ ಸುತ್ತಲಿನ ಪ್ರದೇಶವನ್ನು ನೋಡಿದನು. ಕೆಳಗಿದ್ದುದು ಜೌಗು, ಸೈಪ್ರೆಸ್ ಮರಗಳು, ದನಗಳ ಹುಲ್ಲುಗಾವಲು. ಆದರೆ ಎರಡು ಹೆದ್ದಾರಿಗಳು ಅಲ್ಲಿ ಕೂಡುತ್ತಿದ್ದವು. ಅವನಿಗೆ ಅಷ್ಟೇ ಸಾಕಾಗಿತ್ತು. ಅದೇ ದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಇಳಿದಾಗ ಅಧ್ಯಕ್ಷ ಕೆನೆಡಿಯವರ ಹತ್ಯೆಯ ವಾರ್ತೆ ಅವನ ಕಿವಿಗೆ ಬಿದ್ದಿತು.

ಡಿಸ್ನಿ ಎಂಬ ಹೆಸರು ಹೊರಬಿದ್ದರೆ ಜೌಗು ನೆಲವೂ ಚಿನ್ನವಾಗುವುದೆಂದು ಎಲ್ಲರಿಗೂ ಗೊತ್ತಿತ್ತು. ಆದುದರಿಂದ ವ್ಯವಹಾರಕ್ಕೆ ಇಳಿದವನು ಸಂಸ್ಥೆಯ ವಕೀಲ ರಾಬರ್ಟ್ ಫಾಸ್ಟರ್. ಮಯಾಮಿಯ ವಕೀಲ ಪಾಲ್ ಹೆಲಿವೆಲ್ ಮತ್ತು ಭೂವ್ಯವಹಾರ ಬಲ್ಲ ರಾಯ್ ಹಾಕಿನ್ಸ್ ಅವನ ನೆರವಿಗೆ ನಿಂತರು. ಫಾಸ್ಟರ್ ಅಲ್ಲಿ ಓಡಾಡಿದ್ದು ಬಾಬ್ ಪ್ರೈಸ್ ಎಂಬ ಹೆಸರಿನಿಂದ. ಇದನ್ನು ಪೂರ್ತಿ ಸುಳ್ಳೆನ್ನುವಂತಿಲ್ಲ. ಅವನ ಪೂರ್ಣ ನಾಮಧೇಯ ರಾಬರ್ಟ್ ಪ್ರೈಸ್ ಫಾಸ್ಟರ್. ಪ್ರೈಸ್ ಎಂದರೆ ಬೆಲೆ. ಚೌಕಾಸಿಗೆ ಬಂದವನಿಗೆ ತಕ್ಕ ಹೆಸರೇ ಸರಿ! ಟೊಮಹಾಕ್ ಪ್ರಾಪರ್ಟೀಸ್, ಬೇ ಲೇಕ್ ಪ್ರಾಪರ್ಟೀಸ್, ಅಯ್‌ಫೋರ್ ಎಂಬ ಹೆಸರುಗಳ ಕಂಪನಿಗಳು ಕಾಗದದ ಮೇಲೆ ಹುಟ್ಟಿಕೊಂಡವು. ಅಯ್‌ಫೋರ್ ಎಂಬುದು ಪಕ್ಕದ ‘ಐ-4’ ಹೆದ್ದಾರಿಯ ಹೆಸರನ್ನೇ ತಿರುಚಿ ಬರೆದುದು.

ಗುಟ್ಟಿಗಿಂತಲೂ ಹೆಚ್ಚಿನ ಜಾಣತನವಿದ್ದುದು ಕರಾರುಗಳಲ್ಲಿ. ಫಾಸ್ಟರ್ ಮೊದಲಿಗೇ ನೆಲವನ್ನು ಕೊಳ್ಳಲಿಲ್ಲ. ಕೊಳ್ಳುವ ಹಕ್ಕನ್ನು ಕೊಂಡನು. ಅಲ್ಪ ಮುಂಗಡ ಕೊಟ್ಟು ಬೆಲೆಯನ್ನೂ ಅವಧಿಯನ್ನೂ ಗೊತ್ತುಮಾಡಿಕೊಂಡರೆ, ಅಷ್ಟು ಕಾಲ ಮಾರುವವನ ಕೈ ಕಟ್ಟಿದಂತೆ. ಕೊಳ್ಳುವವನು ಮಾತ್ರ ಬೇಡವೆಂದು ಎದ್ದುಹೋಗಬಹುದು. ಡೆಮೆಟ್ರೀ ಸಹೋದರರ 12,400 ಎಕರೆ ಎಕರೆಗೆ 145 ಡಾಲರಿನಂತೆ ಕುದುರಿತು. ದನ ಸಾಕುತ್ತಿದ್ದ ಬ್ರಾನ್ಸನ್ ಮನೆತನದ 8,000ಕ್ಕೂ ಹೆಚ್ಚು ಎಕರೆಯೂ ಇದೇ ಬಲೆಗೆ ಬಿದ್ದಿತು. ದೊಡ್ಡ ಹಿಡುವಳಿಗಳು ಭದ್ರವಾದ ತರುವಾಯವೇ ನಡುನಡುವಿನ ತುಂಡುಗಳಿಗೆ ಕೈಹಾಕಿದ್ದು.

ನಿಜವಾದ ತಲೆನೋವು ಈ ತುಂಡುಗಳದೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯಾರೋ ಅಲ್ಲಿನ ಜೌಗನ್ನು ಐದೈದು ಎಕರೆಗಳಾಗಿ ಸೀಳಿ ಟಪಾಲಿನ ಮೂಲಕ ಮಾರಿಬಿಟ್ಟಿದ್ದರು. ಒಡೆಯರು ದೇಶದ ಮೂಲೆಮೂಲೆಗೆ ಚದರಿದ್ದರು. ಎಷ್ಟೋ ಜನ ತಮ್ಮ ನೆಲವನ್ನು ಕಣ್ಣಿನಿಂದಲೂ ಕಂಡವರಲ್ಲ. ಒಬ್ಬೊಬ್ಬರನ್ನೂ ಹುಡುಕಿ ಬರೆಯಿಸಿಕೊಳ್ಳಬೇಕಾಯಿತು. ಸಾಲದುದಕ್ಕೆ, ಡೆಮೆಟ್ರೀ ಜಮೀನಿನ ಕೆಳಗಿನ ಖನಿಜದ ಹಕ್ಕು ಟಫ್ಟ್ಸ್ ವಿಶ್ವವಿದ್ಯಾನಿಲಯದ ವಶದಲ್ಲಿತ್ತು. ಮೇಲೆ ಅರಮನೆ ಕಟ್ಟಿದ ಮೇಲೆ ಕೆಳಗೆ ಅಗೆಯುತ್ತೇವೆಂದು ಬಂದರೆ ಗತಿಯೇನು? ಅದನ್ನೂ ಬಿಡಿಸಿಕೊಂಡ ಮೇಲೆಯೇ ಮುಂದಿನ ಹೆಜ್ಜೆ.

1965ರ ಬೇಸಗೆಯಲ್ಲಿ ಊರೆಲ್ಲ ಗುಸುಗುಸು. ಫೋರ್ಡ್ ಎಂದರು, ವಿಮಾನ ಕಾರ್ಖಾನೆ ಎಂದರು. ಅಕ್ಟೋಬರಿನಲ್ಲಿ ‘ಆರ್ಲ್ಯಾಂಡೋ ಸೆಂಟಿನೆಲ್’ ಪತ್ರಿಕೆಯ ವರದಿಗಾರ್ತಿ ಎಮಿಲಿ ಬಾವರ್ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಡಿಸ್ನಿಯನ್ನೇ ನೇರವಾಗಿ ಕೇಳಿಬಿಟ್ಟಳು. ಅವನು ಅಲ್ಲಗಳೆಯಲು ಹೊರಟು ಆ ಪ್ರದೇಶದ ಮಳೆಯನ್ನೂ ಪ್ರವಾಸಿಗಳ ಸಂಖ್ಯೆಯನ್ನೂ ಕುರಿತು ಅಗತ್ಯಕ್ಕಿಂತ ಹೆಚ್ಚು ತಿಳಿದವನಂತೆ ಮಾತನಾಡಿದನು. ಆಕೆಗೆ ಅಷ್ಟು ಸುಳಿವೇ ಸಾಕಾಯಿತು. ಕೆಲವೇ ದಿನಗಳಲ್ಲಿ ಗವರ್ನರ್ ಬರ್ನ್ಸ್ ಸುದ್ದಿಯನ್ನು ದೃಢಪಡಿಸಿದರು.

ಅಷ್ಟರೊಳಗೆ 27,000 ಎಕರೆಗೂ ಮಿಕ್ಕ ನೆಲ ಕೈಸೇರಿತ್ತು. ಸರಾಸರಿ ಬೆಲೆ ಎಕರೆಗೆ 200 ಡಾಲರನ್ನೂ ಮುಟ್ಟಿರಲಿಲ್ಲ. ಒಟ್ಟು ವೆಚ್ಚ ಸುಮಾರು 50 ಲಕ್ಷ ಡಾಲರು. ಮರುಗಳಿಗೆಯಿಂದ ಸುತ್ತಲಿನ ನೆಲದ ಬೆಲೆ ಗಗನಕ್ಕೇರಿತು. ಮಾರಿದವರಿಗೆ ಇದು ಅನ್ಯಾಯವೆಂದು ವಾದಿಸುವವರುಂಟು. ಜೌಗಿಗೆ ಅಂದು ನಡೆಯುತ್ತಿದ್ದ ಬೆಲೆ ಸಂದಿತ್ತು, ಬಲಾತ್ಕಾರವೇನೂ ಇರಲಿಲ್ಲ, ನಿಜ. ಆದರೂ ತಾನು ಮಾರಿದ ಮರುವರ್ಷ ನೆರೆಯವನು ಹತ್ತಾರು ಪಟ್ಟು ಎಣಿಸಿಕೊಳ್ಳುವುದನ್ನು ನೋಡಿದವನಿಗೆ ಆ ನ್ಯಾಯ ರುಚಿಸಲಾರದು.

ಡಿಸ್ನಿ 1966ರ ಡಿಸೆಂಬರಿನಲ್ಲಿ ತೀರಿಕೊಂಡನು. ಅವನ ಅಣ್ಣ ರಾಯ್ 1971ರ ಅಕ್ಟೋಬರ್ 1ರಂದು ಉದ್ಯಾನದ ಬಾಗಿಲು ತೆರೆಯಿಸಿದನು. ಅಲ್ಲಿನ ಮುಖ್ಯ ಬೀದಿಯ ಮಹಡಿಯ ಕಿಟಕಿಯೊಂದರ ಮೇಲೆ ಒಂದು ಹುಸಿ ಭೂವ್ಯವಹಾರ ಕಂಪನಿಯ ಫಲಕ ಬರೆಯಿಸಿದ್ದಾರೆ. ಅದರಲ್ಲಿ ಉಪಾಧ್ಯಕ್ಷ ಬಾಬ್ ಪ್ರೈಸ್. ಊರೂರು ತಿರುಗುವ ಪ್ರತಿನಿಧಿ ರಾಬರ್ಟ್ ಫಾಸ್ಟರ್.