ದೇವಗೀತೆಯ ಮಹೇಲಿಯಾ ಜಾಕ್ಸನ್

ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ 1911ರಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಮಹೇಲಿಯಾ ಜಾಕ್ಸನ್ನಳಿಗೆ ಚರ್ಚೇ ಸಂಗೀತಶಾಲೆಯಾಯಿತು. ಷಿಕಾಗೋ ನಗರಕ್ಕೆ ಬಂದು ಪರರ ಬಟ್ಟೆ ಒಗೆದು ಜೀವಿಸುತ್ತಿದ್ದಾಗಲೂ ಆಕೆ ಹಾಡನ್ನು ಬಿಡಲಿಲ್ಲ. ಕೇಳುವವರ ಉದ್ಗಾರಕ್ಕೆ ತಕ್ಕಂತೆ ಒಂದೇ ಸಾಲನ್ನು ನಾನಾ ಬಗೆಯಾಗಿ ಬೆಳೆಸುವಳು. ನಮ್ಮ ಭಜನಾಮಂಡಲಿಗಳನ್ನು ಬಲ್ಲ ಮಕ್ಕಳಿಗೆ ಇದು ಹೊಸತೆನಿಸದು. ಥಾಮಸ್ ಡಾರ್ಸಿಯು ತಾನೇ ಗೀತೆಗಳನ್ನು ರಚಿಸಿ, ತಾನೇ ಅಚ್ಚು ಮಾಡಿಸುತ್ತಿದ್ದನು. ಈಕೆ ಹಾಡಿ ತೋರಿಸುವಳು, ಆತನು ಹಾಳೆಗಳನ್ನು ಮಾರುವನು.

ನೈಟ್ ಕ್ಲಬ್ಬುಗಳ ಹಣವನ್ನು ಆಕೆ ಒಲ್ಲೆನೆಂದಳು. ಹೊಟ್ಟೆಪಾಡಿಗೆ ಕೇಶಾಲಂಕಾರದ ಅಂಗಡಿಯನ್ನೂ ಹೂವಿನ ಅಂಗಡಿಯನ್ನೂ ನಡೆಸಿದಳು. 1947ರಲ್ಲಿ ಅಪೊಲೊ ಎಂಬ ಸಣ್ಣ ಕಂಪನಿಗೆ ಹಾಡಿದ ಗ್ರಾಮಫೋನ್ ತಟ್ಟೆಯು ಆಕೆಯ ಹೆಸರನ್ನು ದೇಶದಲ್ಲೆಲ್ಲ ಹರಡಿತು. 1950ರಲ್ಲಿ ನ್ಯೂಯಾರ್ಕಿನ ಕಾರ್ನೆಗೀ ಸಭಾಂಗಣದಲ್ಲಿ ಹಾಡಿದಳು. ಅಷ್ಟಾದರೂ ಸಂಭಾವನೆಯನ್ನು ನಗದಾಗಿಯೇ ಕೇಳಿ ಪಡೆಯುತ್ತಿದ್ದಳು. ಇದನ್ನು ಲೋಭವೆನ್ನಲು ನನಗೆ ಮನಸ್ಸಿಲ್ಲ. ದುಡಿದುಣ್ಣುವವರಿಗೆ ಕೂಲಿ ಕೈಸೇರುವವರೆಗೂ ನೆಮ್ಮದಿಯೆಲ್ಲಿಯದು?