ಅಕ್ಷರಸ್ವರಲಿಪಿಯೂ ಅಂತರ್ಜಾಲದ ಆಟಗಳೂ

ಗಾನವನ್ನು ಅಕ್ಷರಗಳಲ್ಲಿ ಬರೆದಿಡುವ ಪದ್ಧತಿಯು ಕನ್ನಡಿಗರಿಗೆ ಹೊಸದಲ್ಲ. ಸ ರಿ ಗ ಮಗಳ ಮೇಲೆ ಚುಕ್ಕೆಯನ್ನಿಟ್ಟರೆ ತಾರಸ್ಥಾಯಿ, ಕೆಳಗಿಟ್ಟರೆ ಮಂದ್ರಸ್ಥಾಯಿ. ಮುಂದೆ ಅಲ್ಪವಿರಾಮವಿದ್ದರೆ ಸ್ವರವು ಒಂದು ಅಕ್ಷರಕಾಲ ನೀಳುವುದು. ಈ ಬರಹವನ್ನು ಓದುವವನು ಗುರುಮುಖದಿಂದ ಕಲಿತವನಾದುದರಿಂದ, ಲಿಪಿಕಾರನು ಬರೆಯದೆ ಬಿಟ್ಟುದನ್ನು ತನ್ನ ಕಂಠದಿಂದಲೇ ತುಂಬಿಕೊಳ್ಳುವನು. ಆದರೆ ಓದುವುದು ಯಂತ್ರವೇ ಆದರೆ ಲಿಪಿಯ ಗತಿಯೇನು? ಈ ವಿಚಾರಕ್ಕೆ ಒಳ್ಳೆಯ ನಿದರ್ಶನಗಳು ಅಂತರ್ಜಾಲದ ಆಟಗಳಲ್ಲಿ ದೊರೆಯುತ್ತವೆಯೆಂದರೆ ವಿದ್ವಾಂಸರಿಗೆ ಸೋಜಿಗವೆನಿಸಬಹುದು.

ಸಾವಿರಾರು ಮಂದಿ ತಂತಮ್ಮ ಮನೆಗಳಲ್ಲಿ ಗಣಕಯಂತ್ರದ ಮುಂದೆ ಕುಳಿತು, ಒಂದೇ ಕಲ್ಪಿತ ನಾಡಿನಲ್ಲಿ ಪಾತ್ರಧಾರಿಗಳಾಗಿ ಸಂಚರಿಸುವ ಆಟಗಳಿವು. ಟೋಲ್ಕಿನ್ನನ ಕಥಾಲೋಕವನ್ನು ಆಧರಿಸಿ ಅಮೆರಿಕದ ಟರ್ಬೈನ್ ಸಂಸ್ಥೆಯವರು 2007ರ ಏಪ್ರಿಲ್‌ನಲ್ಲಿ ಹೊರತಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್ ಆನ್‌ಲೈನ್’ ಎಂಬುದು ಅವುಗಳಲ್ಲೊಂದು. ಅಲ್ಲಿ ಪಾತ್ರಧಾರಿಯು ಲೂಟ್, ಹಾರ್ಪ್, ಕೊಳಲು ಮುಂತಾದ ವಾದ್ಯವನ್ನು ಹಿಡಿದು ಕೀಲಿಮಣೆಯಿಂದ ಒಂದೊಂದೇ ಸ್ವರವನ್ನು ನುಡಿಸಬಹುದು. ಇಲ್ಲವೆ ಮೊದಲೇ ಬರೆದಿಟ್ಟ ಅಕ್ಷರಪಾಠವೊಂದನ್ನು ಹೆಸರಿಸಿ, ನುಡಿಸೆಂದು ಆಜ್ಞಾಪಿಸಬಹುದು. ಆ ಪಾಠದ ಲಿಪಿಗೆ ‘ಎಬಿಸಿ’ ಎಂದು ಹೆಸರು.

ಈ ಲಿಪಿಯು ಆಟಕ್ಕಾಗಿ ಹುಟ್ಟಿದುದಲ್ಲ. ಕ್ರಿಸ್ ವಾಲ್ಷಾ ಎಂಬವರು ಜನಪದ ಧಾಟಿಗಳನ್ನು ಅಕ್ಷರಗಳಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ ಕ್ರಮವೇ ಇದರ ಮೂಲ. ಅದನ್ನು ಮುದ್ರಣಯೋಗ್ಯ ಸ್ವರರೇಖೆಗಳಾಗಿ ಮಾರ್ಪಡಿಸುವ ಕ್ರಮವಿಧಿಯು 1993ರ ವೇಳೆಗೆ ಸಿದ್ಧವಾಗಿತ್ತು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದು ಸ್ಥಾಯಿಗೆ, ಚಿಕ್ಕಕ್ಷರಗಳು ಅದರ ಮೇಲಿನದಕ್ಕೆ ಸಲ್ಲುತ್ತವೆ. ಅಕ್ಷರದ ಮುಂದಣ ಅಂಕಿಯು ಕಾಲಪ್ರಮಾಣವನ್ನು ತಿಳಿಸುತ್ತದೆ. ಹಿಂದೆ ಅಡಿಗೆರೆಯಿದ್ದರೆ ಸ್ವರವು ಅರ್ಧಾಂತರ ಇಳಿಯುತ್ತದೆ. ಅಲ್ಪವಿರಾಮವು ಇಲ್ಲಿ ಸ್ವರವನ್ನು ನೀಳಿಸುವುದಿಲ್ಲ, ಒಂದು ಸ್ಥಾಯಿ ಕೆಳಗಿಳಿಸುತ್ತದೆ. ನಮ್ಮ ಲಿಪಿಯ ಅಭ್ಯಾಸವುಳ್ಳವರು ಇದರಲ್ಲಿ ಎಡವುವುದು ಸಹಜ. ಪಾಠದ ತಲೆಯಲ್ಲಿ ಕ್ರಮಸಂಖ್ಯೆ, ಹೆಸರು, ತಾಳಮಾನ ಇತ್ಯಾದಿಗಳಿದ್ದು, ಶ್ರುತಿಸೂಚನೆಯ ಸಾಲಿನೊಡನೆ ಪೀಠಿಕೆಯು ಮುಗಿಯುವುದು.

ಆಟದೊಳಗಿನ ವಾದ್ಯಕ್ಕೆ ಮೂರು ಸ್ಥಾಯಿಗಳ 37 ಸ್ವರಗಳಷ್ಟೇ ಉಂಟು. ಆದುದರಿಂದ ದೊಡ್ಡ ಕೃತಿಯನ್ನು ಅಳವಡಿಸುವವನು ಯಾವ ಸ್ವರವನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯಲ್ಲಿ ತೊಡಗಲೇಬೇಕು. ಒಂದೇ ಪಾಠದ ಬೇರೆಬೇರೆ ಭಾಗಗಳನ್ನು ಹಲವರು ಹಂಚಿಕೊಂಡು, ಒಬ್ಬನ ಸಂಜ್ಞೆಗೆ ಒಟ್ಟಾಗಿ ಆರಂಭಿಸಿ ಮೇಳ ಕಟ್ಟುವರು. ಇಂಥ ಮೇಳಗಳ ‘ವೆದರ್‌ಸ್ಟಾಕ್’ ಎಂಬ ಉತ್ಸವವು ಆ ಕಲ್ಪಿತ ನಾಡಿನ ಬೆಟ್ಟವೊಂದರಲ್ಲಿ 2009ರಲ್ಲಿ ಮೊದಲಾಯಿತು.

ಕೊರಿಯಾದಲ್ಲಿ 2004ರಲ್ಲಿ ಹೊರಬಂದ ‘ಮಾಬಿನೋಗಿ’ ಎಂಬ ಆಟದ ಲಿಪಿಯು ಬೇರೆ. ಅಲ್ಲಿ ರಚನಾವಿದ್ಯೆಯಲ್ಲಿ ಪಾತ್ರಧಾರಿಯ ಅಂತಸ್ತು ಏರಿದಂತೆಲ್ಲ, ಬರೆಯಬಹುದಾದ ಅಕ್ಷರಗಳ ಸಂಖ್ಯೆಯೂ ಏರುವುದು. ನಾಲ್ಕು ಸ್ವರಗಳ ಪ್ರತಿಯೊಂದರ ಮುಂದೆಯೂ 8 ಎಂಬ ಕಾಲಸೂಚನೆಯನ್ನಿಟ್ಟರೆ ಎಂಟು ಅಕ್ಷರಗಳು ವೆಚ್ಚವಾಗುವುವು. ‘ಎಲ್’ ಅಕ್ಷರದೊಡನೆ 8ನ್ನು ಮೊದಲಲ್ಲಿ ಒಮ್ಮೆ ಬರೆದು ಸ್ವರಗಳನ್ನು ಸಾಲಾಗಿಟ್ಟರೆ ಆರೇ ಸಾಕು. ಅರ್ಧಮಾತ್ರೆಯ ಉಳಿತಾಯಕ್ಕೆ ಪುತ್ರೋತ್ಸವದಷ್ಟು ಹಿಗ್ಗುತ್ತಿದ್ದರೆಂದು ಹೇಳಲಾಗುವ ವೈಯಾಕರಣರು ಈ ಆಟಗಾರರನ್ನು ತಮ್ಮ ಗೋತ್ರದವರೆಂದೇ ಭಾವಿಸುತ್ತಿದ್ದರು!

ಇನ್ನು ಮೊದಲಿನ ಪ್ರಶ್ನೆ. ಮಾಯಾಮಾಳವಗೌಳದ ಸರಳೆವರಸೆಯನ್ನು ಎಬಿಸಿ ಲಿಪಿಯಲ್ಲಿ ಬರೆಯುವುದು ಸುಲಭ. ‘ಸಿ’ ಅಕ್ಷರವನ್ನು ಷಡ್ಜವಾಗಿಟ್ಟುಕೊಂಡು ‘ಡಿ’, ‘ಎ’ಗಳ ಹಿಂದೆ ಅಡಿಗೆರೆಯೆಳೆದರೆ ಶುದ್ಧರಿಷಭವೂ ಶುದ್ಧಧೈವತವೂ ಒದಗುವುವು. ತೋಡಿಯ ಗಾಂಧಾರದ ವಿಷಯ ಹಾಗಲ್ಲ. ಲೆಕ್ಕಕ್ಕೆ ಅದು ಸಾಧಾರಣಗಾಂಧಾರ. ಕಿವಿಗೆ ಅದರ ಕಂಪಿತವೇ ರಾಗ. ಯಂತ್ರಕ್ಕೆ ಲೆಕ್ಕ ಮಾತ್ರ ತಲಪುತ್ತದೆ. ನಮ್ಮ ಸ್ವರಲಿಪಿಯೂ ಸಾಮಾನ್ಯವಾಗಿ ಕಂಪಿತವನ್ನು ಬರೆಯುವುದಿಲ್ಲವೆಂಬುದು ನಿಜ. ಆದರೆ ಅದನ್ನು ಬಲ್ಲ ಓದುಗನಿದ್ದಾನೆಂಬ ನಂಬಿಕೆಯಿಂದಲೇ ಅದು ಹಾಗೆ ಸುಮ್ಮನಿರುವುದು. ಕುಮಾರವ್ಯಾಸನ ಷಟ್ಪದಿಯ ಪಕ್ಕದಲ್ಲಿ ರಾಗದ ಏರಿಳಿತಗಳನ್ನು ಯಾರೂ ಬರೆದಿಡದಿದ್ದರೂ ಗಮಕಿಯು ವಾಚಿಸುವುದು ಇಂಥ ನಂಬಿಕೆಯ ಮೇಲೆಯೇ. ಆಟದ ಲಿಪಿಕಾರನಿಗೆ ಈ ಆಸರೆಯಿಲ್ಲ. ಒಂದು ಸ್ವರದ ಮೇಲೆ ತುಸು ತಂಗಬೇಕಾದರೆ ಆ ತಂಗುವಿಕೆಯನ್ನು ಭಿನ್ನರಾಶಿಯಲ್ಲಿ ಬರೆಯಬೇಕು. ಧ್ವನಿಯನ್ನು ತಗ್ಗಿಸಬೇಕಾದರೆ ಅದಕ್ಕೂ ಗುರುತಿಡಬೇಕು.

ಹಾಗೆಂದು ಈ ಪಾಠಗಳು ಆಟದೊಡನೆಯೇ ಅಳಿಯತಕ್ಕವೆಂದಲ್ಲ. ಅವು ಬರಿಯ ಅಕ್ಷರಗಳಾದುದರಿಂದ, ಎಬಿಸಿಯನ್ನು ಬಲ್ಲ ಬೇರೆ ಕ್ರಮವಿಧಿಗಳೂ ಮನುಷ್ಯರೂ ಅವನ್ನು ಓದಬಲ್ಲರು. ತೊಡಕಿರುವುದು ಮದ್ದಲೆಯ ಪಾಠದಲ್ಲಿ. ಟೋಲ್ಕಿನ್ನನ ನಾಡಿನ ಮದ್ದಲೆಗೆ ಬರೆದ ಒಂದೊಂದು ಅಕ್ಷರವೂ ಒಂದೊಂದು ಬಗೆಯ ಪೆಟ್ಟನ್ನು ಸೂಚಿಸುವುದೇ ಹೊರತು ಸ್ವರವನ್ನಲ್ಲ. ಆ ಸಂಕೇತವನ್ನು ಅರಿಯದವರು ಅದನ್ನು ಹೊರಗೆ ನುಡಿಸಿದರೆ, ತಾಳವೆಲ್ಲವೂ ಅರ್ಥವಿಲ್ಲದೊಂದು ಧಾಟಿಯಾಗಿ ಕೇಳುವುದು.